ಇಪ್ಪತ್ತೇಳನೆಯ ಕಂತು

ನಮ್ಮ ಊರಿನಲ್ಲಿ ಯಂತ್ರಗಳಿಗೆ ಸದ್ದಿದೆ, ಮಾತಿಲ್ಲ. ನನ್ನ ಹಿಟ್ಟಿನ ಗಿರಣಿ ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಓಣಿಯ ನಾಯಿಗಳೆಲ್ಲ ಎದ್ದು ಬೇರೆ ಕಡೆ ಹೋಗುತ್ತವೆ. ಬಸ್ಸಿನ ಹಾರನ್ನಿಗೆ ತೊಟ್ಟಿಲ ಕೂಸು ಬೆಚ್ಚಿ ಬೀಳುತ್ತದೆ. ಆದರೆ ರೇಡಿಯೋ, ಟಿ.ವಿ., ಫೋನು, ಮೈಕು, ಇವು ಯಾವುವೂ ಊರ ಗಡಿಯ ಹುಣಸೆಮರದ ಈಚೆಗೆ ತುಟಿ ಪಿಟಕ್ಕೆನ್ನುವುದಿಲ್ಲ. ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ಹೊರಗಿನವರು ಇದನ್ನು ಕೇಳಿ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಎನ್ನುವಂಥದ್ದೇನೂ ನಮಗೆ ಕಂಡಿಲ್ಲ, ಏಕೆಂದರೆ ನಮ್ಮಲ್ಲಿ ದನಿಯವರಿದ್ದಾರೆ.

ದನಿಯವರೆಂದರೆ ಚಿತ್ರದ ಪಕ್ಕದಲ್ಲಿ ಕುಳಿತು, ತುಟಿ ನೋಡಿ, ಮಾತು ಕೊಡುವವರು. ಓಣಿಗೆ ಇಬ್ಬರು ಮೂವರು ಇದ್ದೇ ಇರುತ್ತಾರೆ. ಗಂಡನ ಮನೆಯಿಂದ ಮಗಳು ಫೋನಿನ ಪರದೆಯಲ್ಲಿ ಕಂಡಳೆಂದರೆ ತಾಯಿ ಓಡಿಹೋಗಿ ದನಿಯವಳನ್ನು ಕರೆತರುತ್ತಾಳೆ. ಮಗಳು ಅಲ್ಲಿ ಏನೆಂದಳೋ ದೇವರೇ ಬಲ್ಲ, ದನಿಯವಳು ಮಾತ್ರ ‘ಅತ್ತಿ ಬಂಗಾರದಂಥಾಕಿ, ನೀ ಚಿಂತಿ ಮಾಡಬ್ಯಾಡವ್ವಾ’ ಎಂದೇ ಹೇಳುತ್ತಾಳೆ. ನಮ್ಮೂರಿನ ತಾಯಂದಿರು ಬೇರೆ ಊರಿನವರಿಗಿಂತ ಚೆನ್ನಾಗಿ ನಿದ್ದೆ ಮಾಡುತ್ತಾರೆ.

ನನ್ನ ಹೆಸರು ಚಂಪಾವತಿ, ಊರಿನವರಿಗೆ ಗಿರಣಿ ಚಂಪವ್ವ. ಗಿರಣಿಯ ಗದ್ದಲದಲ್ಲಿ ಕೂಗಿ ಕೂಗಿ ನನ್ನ ದನಿ ದೊಡ್ಡದಾಗಿದೆ ಎಂದು ಜನ ತಿಳಿದಿದ್ದಾರೆ. ಅದು ಸುಳ್ಳು. ಹನ್ನೊಂದನೆಯ ವಯಸ್ಸಿಗೇ ನನ್ನ ದನಿ ಮೂರು ಓಣಿಗೆ ಕೇಳಿಸುತ್ತಿತ್ತು. ಊರಿನ ದನಿಯವರನ್ನು ತಯಾರು ಮಾಡುತ್ತಿದ್ದ ಧೂಳಪ್ಪ ಮಾಸ್ತರು ನನ್ನನ್ನು ಆರಿಸಿದ್ದೇ ಅದಕ್ಕಾಗಿ.

ಆಗ ಊರಿಗೆಲ್ಲ ಇದ್ದದ್ದು ಒಂದೇ ಟಿ.ವಿ. ಅದು ವಾಚನಾಲಯದ ಹಾಲಿನಲ್ಲಿತ್ತು. ಆ ವರ್ಷ ಅದರಲ್ಲಿ ಚೀನಾದ ಒಂದು ಧಾರಾವಾಹಿ ಶುರುವಾಯಿತು. ಅದರ ನಿಜವಾದ ಹೆಸರು ನಮಗೆ ಇವತ್ತಿಗೂ ಗೊತ್ತಿಲ್ಲ. ಶುರುವಿನಲ್ಲಿ ರಂಗೋಲಿಯಂಥ ಅಕ್ಷರಗಳು ಮೇಲಿನಿಂದ ಕೆಳಗೆ ಇಳಿಯುತ್ತಿದ್ದವು, ಯಾರಿಗೂ ಓದಲು ಬರುತ್ತಿರಲಿಲ್ಲ. ನಾವು ಅದನ್ನು ಮೀನಿನ ಧಾರಾವಾಹಿ ಎಂದೆವು. ಕಥೆ ಅವರ ನಾಡಿನ ಹಳೆಯ ಐತಿಹ್ಯವಂತೆ. ಒಂದು ಕೆಂಪು ಮೀನು ಒಂಬತ್ತು ನದಿಗಳನ್ನು ಎದುರು ಈಜಿ, ಕೊನೆಯ ಜಲಪಾತದ ಮೇಲಿರುವ ಹೆಬ್ಬಾಗಿಲನ್ನು ಒಂದೇ ನೆಗೆತಕ್ಕೆ ದಾಟಿದರೆ ಡ್ರ್ಯಾಗನ್ ಆಗುತ್ತದೆ. ಡ್ರ್ಯಾಗನ್ ಎಂದರೆ ನಮ್ಮ ಅಜ್ಜಿಯರಿಗೆ ತಿಳಿಯುವುದಿಲ್ಲವೆಂದು ಮಾಸ್ತರು ಅದನ್ನು ಘಟಸರ್ಪ ಎಂದು ಕರೆದರು. ಆ ಮೀನು ದಡಕ್ಕೆ ಬಂದಾಗ ಕೆಂಪು ರೇಷ್ಮೆಯುಟ್ಟ ಹುಡುಗಿಯಾಗುತ್ತಿತ್ತು. ಅವಳಿಗೆ ನಾವಿಟ್ಟ ಹೆಸರು ಕೆಂಪಿ. ಹೆಬ್ಬಾಗಿಲನ್ನು ಕಾಯುವವಳು ಬಿಳಿ ಹುಬ್ಬಿನ ಒಬ್ಬ ರಾಣಿ. ಗೇಣುದ್ದದ ಉಗುರಿನಿಂದ ಬಂದ ಮೀನುಗಳನ್ನೆಲ್ಲ ಹಿಡಿದು ಕೆಳಗೆ ಎಸೆಯುತ್ತಿದ್ದಳು. ಅವಳಿಗೆ ಬೆಳ್ಳುಬ್ಬಿ ಎಂದು ಹೆಸರಾಯಿತು.

ಅದನ್ನು ನೆನೆದರೆ ಈಗಲೂ ನನ್ನ ಎದೆ ಒಂದಿಷ್ಟು ಹಗುರವಾಗುತ್ತದೆ. ಮೋಡಗಳು ಹಿಂಜಿದ ಹತ್ತಿಯವು. ನದಿ ಎಂದರೆ ನೀಲಿ ಬಟ್ಟೆ, ಎರಡೂ ತುದಿಗೆ ಯಾರೋ ನಿಂತು ಅಲ್ಲಾಡಿಸುತ್ತಿದ್ದುದು ಗೊತ್ತಾಗುತ್ತಿತ್ತು. ಕೆಂಪಿ ಹಾರುವಾಗ ಸೊಂಟಕ್ಕೆ ಕಟ್ಟಿದ ತಂತಿ ಮಿನುಗುತ್ತಿತ್ತು. ಅದು ತಂತಿಯೆಂದು ನಮಗೆಲ್ಲ ಗೊತ್ತಿತ್ತು, ಆದರೂ ಅವಳು ಹಾರುತ್ತಿದ್ದಳು. ಮಕ್ಕಳೆಲ್ಲ ಹುಬ್ಬಿಗೆ ಹತ್ತಿ ಅಂಟಿಸಿಕೊಂಡು ಓಣಿಯಲ್ಲಿ ತಿರುಗುತ್ತಿದ್ದರು. ಬೆಳ್ಳುಬ್ಬಿ ‘ಏ ಮೀನಾ, ನಿನ್ನ ಸಾರು ಮಾಡಿ ಉಣ್ತೀನಿ’ ಎಂದರೆ ಕೆಂಪಿ ‘ಉಪ್ಪು ನೀ ತಗೊಂಡು ಬಾ, ಹುಣಸಿಹಣ್ಣು ನಾ ತರ್ತೀನಿ’ ಎನ್ನುತ್ತಿದ್ದಳು. ಚೀನಾದ ಆ ನಟಿಯರು ಏನು ಹೇಳಿದ್ದರೋ ಯಾರಿಗೆ ಗೊತ್ತು? ಮಾಸ್ತರು ಬರೆದದ್ದು ಅದು. ಈಗಲೂ ನಮ್ಮೂರಿನಲ್ಲಿ ಇಬ್ಬರು ಜಗಳಕ್ಕೆ ನಿಂತರೆ ಮೂರನೆಯವನು ಉಪ್ಪು ಯಾರದು ಎಂದು ಕೇಳುತ್ತಾನೆ.

ಮಾಸ್ತರ ಕ್ರಮ ಹೀಗಿತ್ತು. ಮಂಗಳವಾರ ಸಂಜೆ ಕಂತು ಮೊದಲ ಸಲ ಬಂದಾಗ ಹಾಲಿನ ಬಾಗಿಲು ಹಾಕಿಕೊಂಡು ದನಿಯವರು ಮಾತ್ರ ನೋಡಬೇಕು. ಮಾಸ್ತರು ತುಟಿಗಳನ್ನು ಎಣಿಸಿ ಮಾತು ಬರೆಯುತ್ತಿದ್ದರು. ರವಿವಾರ ಬೆಳಿಗ್ಗೆ ಹತ್ತಕ್ಕೆ ಅದೇ ಕಂತು ಮತ್ತೆ ಬರುತ್ತಿತ್ತು, ಆಗ ಊರೆಲ್ಲ ಸೇರುತ್ತಿತ್ತು. ಟಿ.ವಿ.ಯ ಎಡಕ್ಕೊಂದು ಬಲಕ್ಕೊಂದು ಚಾಪೆ ನಿಲ್ಲಿಸಿ, ಅವುಗಳ ಮರೆಯಲ್ಲಿ ನಾವು ಓರೆಯಾಗಿ ಕುಳಿತು ದನಿ ಕೊಡುತ್ತಿದ್ದೆವು. ತೆರೆಯ ಮೇಲೆ ಹಗೆಗಳಾದವರು ಬೇರೆ ಬೇರೆ ಚಾಪೆಯ ಹಿಂದೆ ಕೂರಬೇಕು. ಕಥೆ ಮುಗಿದ ದಿನ ಮಾಸ್ತರು ಎರಡೂ ಚಾಪೆಗಳನ್ನು ಸುರುಳಿ ಸುತ್ತುತ್ತಿದ್ದರು. ಅಲ್ಲಿಗೆ ಹಗೆ ಮುಗಿಯಿತು ಎಂದು ಅರ್ಥ.

ಅವರ ನಿಯಮಗಳಲ್ಲಿ ಎರಡು ಕಲ್ಲಿನಷ್ಟು ಗಟ್ಟಿ. ಮೊದಲನೆಯದು, ತೆರೆಯ ಮೇಲೆ ತುಟಿ ಅಲುಗದೆ ದನಿ ಕೊಡಬಾರದು. ಎರಡನೆಯದು, ಹಗೆಯ ಪಾರ್ಟು ಮಾಡಿದವರು ಚಾಪೆ ಸುತ್ತುವ ತನಕ ಹೊರಗೂ ಪರಸ್ಪರ ಮಾತಾಡಬಾರದು. “ಸೋಮವಾರ ಕಿಸಿಕಿಸಿ ನಕ್ಕ ಬಾಯಿಗೆ ರವಿವಾರ ಸಿಟ್ಟು ಹತ್ತೂದಿಲ್ಲ,” ಎನ್ನುತ್ತಿದ್ದರು. ಇದನ್ನು ಯಾರೂ ವಿಚಿತ್ರವೆಂದು ತಿಳಿಯಲಿಲ್ಲ. ಹಿಂದೊಮ್ಮೆ ಗಂಡ ಹೆಂಡತಿಯೇ ಎದುರಾಳಿಗಳಾಗಿ ಹನ್ನೊಂದು ತಿಂಗಳು ಮಾತಿಲ್ಲದೆ ಸಂಸಾರ ಮಾಡಿದ್ದರು. ಆ ಹನ್ನೊಂದು ತಿಂಗಳಲ್ಲೇ ಅವರಿಗೊಂದು ಮಗುವೂ ಆಯಿತು.

ನಾನು ಕೆಂಪಿಯಾದೆ. ಬೆಳ್ಳುಬ್ಬಿಯಾದವಳು ನೀಲಾ, ಬಳೆಗಾರರ ಮನೆಯ ನೀಲಾಂಬಿಕಾ, ನನ್ನ ಜೀವದ ಗೆಳತಿ. ಒಂದೇ ಪಾಟಿ, ಒಂದೇ ಬುತ್ತಿ, ಜ್ವರ ಬಂದರೂ ಇಬ್ಬರಿಗೂ ಒಟ್ಟಿಗೆ ಬರುತ್ತಿತ್ತು. ಪಾರ್ಟು ಹಂಚುವ ದಿನ ಇಬ್ಬರೂ ಕೈ ಹಿಡಿದುಕೊಂಡು ವಾಚನಾಲಯದ ಮೆಟ್ಟಿಲು ಹತ್ತುತ್ತಿದ್ದೆವು. ಮೂರನೆಯ ಮೆಟ್ಟಿಲ ಮೇಲೆ ನೀಲಾ ನಿಂತಳು. “ಚಂಪಿ, ಒಂದು ಮಾತು ಹೇಳಬೇಕು,” ಎಂದಳು. ಒಳಗಿನಿಂದ ಮಾಸ್ತರು ಹೆಸರು ಹಿಡಿದು ಕೂಗಿದರು. “ಆಮ್ಯಾಲ ಹೇಳು,” ಎಂದು ನಾನು ಅವಳ ಕೈ ಎಳೆದುಕೊಂಡು ಒಳಗೆ ಓಡಿದೆ. ಒಳಗೆ ಪಾರ್ಟು ಹಂಚಿದರು, ನಾವು ಹಗೆಗಳಾದೆವು, ಆ ಮಾತು ಅಲ್ಲಿಗೇ ನಿಂತಿತು.

ಇಪ್ಪತ್ತೇಳು ಕಂತು ಎಂದು ಮೊದಲೇ ಹೇಳಿದ್ದರು. ಆರು ತಿಂಗಳಿನ ಮಾತು, ತಡೆದುಕೊಳ್ಳಬಹುದು ಎಂದುಕೊಂಡಿದ್ದೆ. ಇಪ್ಪತ್ತಾರನೆಯ ಕಂತಿನಲ್ಲಿ ಕೆಂಪಿ ಜಲಪಾತದ ಬುಡಕ್ಕೆ ಬಂದು ತಲೆ ಎತ್ತಿ ನೋಡಿದಳು, ಮೇಲಿನಿಂದ ಬೆಳ್ಳುಬ್ಬಿ ಬಗ್ಗಿ ನೋಡಿದಳು. ಮರುದಿನ, ಸೋಮವಾರ, ಎದ್ದ ಬಿರುಗಾಳಿಗೆ ಗುಡ್ಡದ ಮೇಲಿನ ಟಿ.ವಿ. ಗೋಪುರ ಮುರಿದು ಬಿತ್ತು. ಅದನ್ನು ಮತ್ತೆ ನಿಲ್ಲಿಸುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಪರದೆಯ ಮೇಲೆ ಯಾರೋ ಗೊಬ್ಬರದ ಬಗ್ಗೆ ಬಾಯಾಡಿಸುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ಬೇರೆ ಊರಿನವರನ್ನು ಕೇಳಿದೆವು. ಒಬ್ಬರು ಮೀನು ಸತ್ತಿತು ಎಂದರು, ಇನ್ನೊಬ್ಬರು ಮದುವೆಯಾಯಿತು ಎಂದರು. ಮಾಸ್ತರು ಯಾವುದನ್ನೂ ಒಪ್ಪಲಿಲ್ಲ. “ಕೇಳಿದ್ದು ಮುಗಿದಂಗಲ್ಲ. ದನಿ ಕೊಟ್ಟರ ಮುಗೀತು,” ಎಂದರು. ಚಾಪೆಗಳನ್ನು ಸುತ್ತದೆ ಹಾಲಿನ ಮೂಲೆಯಲ್ಲಿ ನಿಲ್ಲಿಸಿದರು. ನಾಲ್ಕು ವರ್ಷದ ನಂತರ ಅವರು ತೀರಿಕೊಂಡರು. ಅವರ ನೋಟುಬುಕ್ಕಿನಲ್ಲಿ ‘ಕಂತು ೨೭’ ಎಂದು ಬರೆದು ಕೆಳಗೆ ಗೆರೆ ಎಳೆದ ಹಾಳೆ ಹಾಗೇ ಖಾಲಿ ಇತ್ತು. ಚಾಪೆ ಸುತ್ತಲು ಅಧಿಕಾರವಿದ್ದವರು ಅವರೊಬ್ಬರೇ ಎಂದು ಊರು ತಿಳಿಯಿತು, ನಾನೂ ನೀಲಾಳೂ ಹಾಗೆಯೇ ತಿಳಿದೆವು.

ನೀವು ನಗಬಹುದು. ನಾನೇ ಎಷ್ಟೋ ಸಲ ನಕ್ಕಿದ್ದೇನೆ, ಅತ್ತಿದ್ದೂ ಇದೆ. ಮೊದಮೊದಲು ಅದು ನಿಯಮವಾಗಿತ್ತು, ಆಮೇಲೆ ಹಟವಾಯಿತು, ಕೊನೆಗೆ ರೂಢಿಯಾಯಿತು. ಅವಳು ಮೊದಲು ಮಾತಾಡಲಿ ಎಂದು ನಾನು, ನಾನು ಮೊದಲು ನಿಯಮ ಮುರಿಯಲಿ ಎಂದು ಅವಳು. ಅವಳ ಬಳೆ ಅಂಗಡಿ ನನ್ನ ಗಿರಣಿಯ ಎದುರಿಗೇ ಇದೆ. ನಡುವೆ ಇರುವುದು ಒಂದು ಎತ್ತಿನ ಬಂಡಿ ಹೋಗುವಷ್ಟು ರಸ್ತೆ. ಶ್ರಾವಣಕ್ಕೊಮ್ಮೆ ನಾನು ಹೋಗಿ ಅವಳ ಮುಂದೆ ಕೈ ಚಾಚುತ್ತಿದ್ದೆ. ಅವಳು ಬೆರಳುಗಳನ್ನು ಒತ್ತಿ ಹಿಡಿದು, ಒಂದೂ ಒಡೆಯದ ಹಾಗೆ ಹಸಿರು ಬಳೆ ಏರಿಸಿ ಕಳಿಸುತ್ತಿದ್ದಳು. ನನ್ನ ಅಳತೆಯನ್ನು ಅವಳು ಎಂದೂ ಕೇಳಬೇಕಾಗಲಿಲ್ಲ. ನನ್ನ ಗಂಡ ಸತ್ತ ದಿನ ಬಂದು, ಮೂಲೆಯಲ್ಲಿ ನನ್ನ ಪಕ್ಕ ಕುಳಿತು, ಸಂಜೆ ತನಕ ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದಳು. ಅದಾದ ಮೇಲಿನ ಶ್ರಾವಣಕ್ಕೆ ನಾನು ಹೋಗಲಿಲ್ಲ. ಅವಳೇ ರಸ್ತೆ ದಾಟಿ ಗಿರಣಿಗೆ ಬಂದು, ಹಿಟ್ಟು ಮೆತ್ತಿದ ನನ್ನ ಕೈ ಹಿಡಿದು ಅವೇ ಹಸಿರು ಬಳೆಗಳನ್ನು ಏರಿಸಿ ಹೋದಳು. ಯಾರೂ ಏನೂ ಅನ್ನುವ ಧೈರ್ಯ ಮಾಡಲಿಲ್ಲ. ಆ ದಿನವೂ ನಾವು ಮಾತಾಡಲಿಲ್ಲ.

ಹೀಗೆ ಮೂವತ್ತೆಂಟು ವರ್ಷ. ಅಷ್ಟೂ ವರ್ಷ, ಹಿಟ್ಟು ಬೀಳುವುದನ್ನು ನೋಡುತ್ತಾ ಕೂತಾಗಲೆಲ್ಲ, ಮೂರನೆಯ ಮೆಟ್ಟಿಲ ಮೇಲೆ ಅವಳು ಏನು ಹೇಳಲಿದ್ದಳು ಎಂದು ನಾನು ಯೋಚಿಸಿದ್ದೇನೆ.

ಹೋದ ವರ್ಷ ಒಂದು ಸೋಮವಾರ ನೀಲಾಳ ಗಂಡ ಅಡಿವೆಪ್ಪ ಜೋಳದ ಚೀಲ ಹೊತ್ತು ಗಿರಣಿಗೆ ಬಂದ. ಚೀಲ ಇಳಿಸಿದವನು ಹೋಗಲಿಲ್ಲ. ನಾನು ಯಂತ್ರ ನಿಲ್ಲಿಸಿದೆ.

“ಏನಪಾ ಅಡಿವೆಪ್ಪಾ?”

“ಆಕಿ ಗಂಟಲದಾಗ ಗಡ್ಡಿ ಐತಂತ. ಬರೂ ವಾರ, ಗುರುವಾರ ಆಪರೇಷನ್. ಧ್ವನಿಪೆಟ್ಟಿಗಿ ತಗೀತಾರಂತ. ಜೀವಕ್ಕ ಭಯ ಇಲ್ಲ ಅಂದಾರ ಡಾಕ್ಟರು. ಆದರ ಮಾತು...” ಅವನು ಕೈ ಅಲ್ಲಾಡಿಸಿದ.

ಅವಳ ದನಿ ಸ್ವಲ್ಪ ದಿನದಿಂದ ಒಡೆದಿದ್ದು ನನಗೂ ಕೇಳಿಸಿತ್ತು. ರಸ್ತೆಯಾಚೆಯಿಂದ ಗಿರಾಕಿಗಳಿಗೆ ಕೂಗುವುದನ್ನು ಬಿಟ್ಟಿದ್ದಳು. ನಾನು ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿದೆ. ಸುಟ್ಟು ಹೋಗಲಿ ಮಾಸ್ತರ ನಿಯಮ ಎಂದುಕೊಂಡೇ ಅವಳ ಅಂಗಡಿಯ ಕಟ್ಟೆ ಹತ್ತಿದೆ. ಬಾಯಿ ತೆರೆದೆ. ನೀಲಾ ತನ್ನ ತುಟಿಯ ಮೇಲೆ ಬೆರಳಿಟ್ಟಳು. ಮತ್ತೆ, ನನ್ನ ಹಿಂದೆಯೇ ಬಂದಿದ್ದ ಗಂಡನ ಕಡೆ ತಿರುಗಿ, ಗೊಗ್ಗರು ದನಿಯಲ್ಲಿ, “ಮುಗಿಸಿ ಮಾತಾಡೋರು ನಾವು. ನಡುವ ಬಿಟ್ಟು ಅಲ್ಲ ಅಂತ ಹೇಳ್ರಿ,” ಎಂದಳು.

ನನಗೆ ಎಂಥ ಸಿಟ್ಟು ಬಂದಿತೆಂದರೆ, ಅವಳ ಬಳೆಯ ಪೆಟ್ಟಿಗೆಗಳನ್ನೆಲ್ಲ ರಸ್ತೆಗೆ ಎಸೆಯಬೇಕೆನಿಸಿತು. “ಹಟಮಾರಿ ಹೆಂಗಸು ಅಂತ ಹೇಳಪಾ ಆಕಿಗೆ,” ಎಂದು ನಾನೂ ಅಡಿವೆಪ್ಪನಿಗೇ ಹೇಳಿ ಬಂದೆ. ಆದರೆ ಗಿರಣಿಯಲ್ಲಿ ಕೂತ ಮೇಲೆ ಅವಳು ಸರಿ ಅನ್ನಿಸಿತು. ನಿಯಮ ಮುರಿದು ಮಾತಾಡಿದರೆ, ಮೂವತ್ತೆಂಟು ವರ್ಷ ನಾವು ಸುಮ್ಮನೆ ಹುಚ್ಚರ ಹಾಗೆ ಬದುಕಿದೆವು ಎಂದಾಗುತ್ತಿತ್ತು. ಮುಗಿಸಿ ಮಾತಾಡಿದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು. ಉಳಿದಿದ್ದು ಹತ್ತು ದಿನ. ಆ ಕಂತನ್ನು ಎಲ್ಲಿಂದಾದರೂ ತರಬೇಕಿತ್ತು.

ಶಾಲೆಗೆ ಹೊಸದಾಗಿ ಬಂದ ಚಿತ್ರಕಲೆಯ ಮಾಸ್ತರು ಪರ್ವತಯ್ಯ ಬೇರೆ ಊರಿನವರು. ನಮ್ಮ ಮಕ್ಕಳು ಹುಬ್ಬಿಗೆ ಹತ್ತಿ ಅಂಟಿಸಿಕೊಂಡು ಆಡುವುದನ್ನು ಕಂಡು ಒಮ್ಮೆ ಬೆರಗಾಗಿದ್ದರೆಂದು ಕೇಳಿದ್ದೆ. ಮಕ್ಕಳಿಗೆ ಅದು ಯಾವ ಆಟವೆಂದೇ ಗೊತ್ತಿಲ್ಲ, ಅಪ್ಪ ಅವ್ವನಿಂದ ಬಂದದ್ದು. ನಾನು ಮರುದಿನವೇ ಅವರ ಮನೆಗೆ ಹೋದೆ.

“ಆ ಮೀನಿನ ಧಾರಾವಾಹಿ ನೀವು ನೋಡೀರೇನ್ರಿ ಸರ್? ಕಡೀತನಕ?”

ಅವರ ಮುಖ ಹನ್ನೊಂದು ವರ್ಷದ ಹುಡುಗನದಾಯಿತು. “ಒಂದೂ ಬಿಟ್ಟಿಲ್ಲ ಚಂಪವ್ವಾರ. ನಮ್ಮ ಮನ್ಯಾಗ ಟಿ.ವಿ. ಇರಲಿಲ್ಲ, ಎರಡು ಮೈಲಿ ನಡದು ಹೋಗಿ ನೋಡ್ತಿದ್ದೆ. ಆದರ ಕಡೀಕ ಏನಾತು ಅಂತ ಕೇಳಿದರ, ಸುಳ್ಳು ಹೇಳೂದಿಲ್ಲ, ಮರತೀನಿ. ನೀರು ನೆನಪೈತಿ. ಬರೇ ನೀರು.”

ಅವರು ಫೋನಿನಲ್ಲಿ ಹುಡುಕತೊಡಗಿದರು. ಹೆಸರು ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ? ನಾನು ಹೇಳುತ್ತಾ ಹೋದೆ, ಅವರು ಕೆಂಪಿಯ ಚಿತ್ರ ಬಿಡಿಸಿ, ಆ ಚಿತ್ರವನ್ನೇ ಎಲ್ಲೆಲ್ಲಿಯೋ ಇರುವ ಜನರಿಗೆ ಕಳಿಸಿ ಕೇಳಿದರು. ಮೂರು ದಿನ ಏನೂ ಸಿಗಲಿಲ್ಲ. ನಾಲ್ಕನೆಯ ದಿನ, ಶುಕ್ರವಾರ ಮಧ್ಯಾಹ್ನ, ಶಾಲೆಯ ಗಂಟೆ ಬಾರಿಸುವ ಮೊದಲೇ ಪರ್ವತಯ್ಯನವರು ಗಿರಣಿಗೆ ಓಡಿ ಬಂದರು. ಫೋನನ್ನು ನನ್ನ ಮುಂದೆ ಹಿಡಿದರು. ಅಂಗೈಯಷ್ಟು ಪರದೆಯಲ್ಲಿ ರಂಗೋಲಿಯಂಥ ಅಕ್ಷರಗಳು ಮೇಲಿನಿಂದ ಕೆಳಗೆ ಇಳಿಯುತ್ತಿದ್ದವು. ನನ್ನ ಕಣ್ಣು ತುಂಬಿ ಮುಂದೆ ಏನೂ ಕಾಣಿಸಲಿಲ್ಲ.

ಶನಿವಾರ ತಾಲೀಮು. ಹಾಲಿನ ದೊಡ್ಡ ಟಿ.ವಿ.ಗೆ ಫೋನನ್ನು ಜೋಡಿಸಿ, ಮೂಲೆಯ ಗೆದ್ದಲು ತಿಂದ ಚಾಪೆಗಳನ್ನು ಝಾಡಿಸಿ ನಿಲ್ಲಿಸಿದೆವು. ನೀಲಾ ಬಲಗಡೆ, ನಾನು ಎಡಗಡೆ. ಧೂಳಪ್ಪ ಮಾಸ್ತರ ನೋಟುಬುಕ್ಕಿನ ಖಾಲಿ ಹಾಳೆಯನ್ನು ಪರ್ವತಯ್ಯ ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಬಾಗಿಲು ಹಾಕಿ ನೋಡಿದೆವು.

ಮೊದಲರ್ಧಕ್ಕೆ ಮಾತಿತ್ತು. ಕೆಂಪಿ ನೆಗೆಯುತ್ತಾಳೆ, ಬೆಳ್ಳುಬ್ಬಿ ಹಿಡಿದು ಎಸೆಯುತ್ತಾಳೆ, ಬೈಯುತ್ತಾಳೆ. ಮತ್ತೊಮ್ಮೆ ನೆಗೆತ, ಮತ್ತೊಮ್ಮೆ ಎಸೆತ. ಮೂರನೆಯ ಸಲ ಬಿದ್ದಾಗ ಕೆಂಪಿ ಮೀನಾಗಿಬಿಡುತ್ತಾಳೆ, ಕಲ್ಲಿನ ಮೇಲೆ ಬಾಯಿ ಬಿಡುತ್ತಾ ಮಲಗಿರುತ್ತಾಳೆ. ಬೆಳ್ಳುಬ್ಬಿ ಹೆಬ್ಬಾಗಿಲು ಬಿಟ್ಟು ಇಳಿದು ಬರುತ್ತಾಳೆ. ಮೀನಿನ ಪಕ್ಕ ಕೂರುತ್ತಾಳೆ. ಬಹಳ ಹೊತ್ತು ನೋಡುತ್ತಾಳೆ. ಆಮೇಲೆ ತನ್ನ ಉದ್ದನೆಯ ಉಗುರುಗಳನ್ನು ಒಂದೊಂದಾಗಿ ಕಚ್ಚಿ ಮುರಿದು, ಮೀನಿಗೆ ಚುಚ್ಚದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು, ಹೆಬ್ಬಾಗಿಲಿನ ಆಚೆಗೆ ತೂರುತ್ತಾಳೆ. ಆಕಾಶದಲ್ಲಿ ಘಟಸರ್ಪ. ಅವಳ ಬಿಳಿ ಹುಬ್ಬು ಕಪ್ಪಾಗುತ್ತದೆ. ಅವಳೂ ಒಂದು ಮೀನಾಗಿ ನೀರಿಗೆ ಜಾರಿ, ಕೆಳಗಿನ ನದಿಗೆ ಹೋಗಿಬಿಡುತ್ತಾಳೆ. ಅಷ್ಟೇ. ಇಬ್ಬರ ತುಟಿಯೂ ಅಲುಗುವುದಿಲ್ಲ.

ಪರ್ವತಯ್ಯ ಕಣ್ಣೊರೆಸಿಕೊಂಡು, “ಇಲ್ಲಿ ಬೆಳ್ಳುಬ್ಬಿಗೆ ಒಂದೆರಡು ಮಾತು ಹಾಕೂಣ್ರಿ. ಮೂವತ್ತೆಂಟು ವರ್ಷ ಕಾದ ಮಂದಿ. ಮತ್ತ ನೀಲಾಂಬಿಕಾ ಅವರದೂ ಇದು ಕಡೀ ಸಲ,” ಎಂದರು.

ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಬಲಗಡೆಯ ಚಾಪೆಯ ಹಿಂದಿನಿಂದ ಒಡಕು ದನಿ ಬಂತು. “ತುಟಿ ಅಲುಗಿಲ್ಲ ಸರ್. ದನಿ ಇಲ್ಲ.” ಆ ಹಾಳೆಯ ಕೆಳಗಿನ ಅರ್ಧ ಖಾಲಿಯೇ ಉಳಿಯಿತು.

ರವಿವಾರ ಬೆಳಿಗ್ಗೆ ಹತ್ತಕ್ಕೆ ಊರೆಲ್ಲ ಬಂತು. ಹಿಂದೆ ನೆಲದ ಮೇಲೆ ಕುಳಿತವರಿಗೆ ಈಗ ಮಂಡಿನೋವು, ಕುರ್ಚಿ ತರಿಸಬೇಕಾಯಿತು. ಕೆಲವರು ಐವತ್ತರ ಹುಬ್ಬಿಗೆ ಹತ್ತಿ ಅಂಟಿಸಿಕೊಂಡು ಬಂದಿದ್ದರು, ಅವರ ಮಕ್ಕಳು ನಾಚಿಕೆಯಿಂದ ದೂರ ಕುಳಿತಿದ್ದರು. ನೀಲಾ ತನಗಿದ್ದ ದನಿಯನ್ನೆಲ್ಲ ಆ ಅರ್ಧ ಗಂಟೆಗೆ ಸುರಿದಳು. ಬೆಳ್ಳುಬ್ಬಿಗೆ ಅಂಥ ದನಿ ಹಿಂದೆಂದೂ ಬಂದಿರಲಿಲ್ಲ. ಒಡೆದಿದ್ದರಿಂದಲೇ ಅದು ಹೆದರಿಸುತ್ತಿತ್ತು. ‘ಸಾರು ಮಾಡಿ ಉಣ್ತೀನಿ’ ಎಂದಾಗ ಇಡೀ ಹಾಲು ನನಗಿಂತ ಮೊದಲೇ ‘ಉಪ್ಪು ನೀ ತಗೊಂಡು ಬಾ’ ಎಂದು ಕೂಗಿತು. ನನ್ನ ಪಾರ್ಟನ್ನು ಜನರೇ ಮಾಡಿದರು, ನಾನು ಬಾಯಿ ತೆರೆದು ಸುಮ್ಮನೆ ಕುಳಿತೆ.

ಕೊನೆಯ ಹತ್ತು ನಿಮಿಷ ನಾವಿಬ್ಬರೂ ಸುಮ್ಮನಿದ್ದೆವು. ಜಲಪಾತದ ಸದ್ದಿಗೆಂದು ಮೊರದಲ್ಲಿ ಸಾಸಿವೆ ಆಡಿಸುತ್ತಿದ್ದ ಮುದುಕಿಯೂ ಕೈ ನಿಲ್ಲಿಸಿ ಪರದೆ ನೋಡಿದಳು. ಬೆಳ್ಳುಬ್ಬಿ ಉಗುರು ಮುರಿಯುವಾಗ ಯಾರೋ ಬಿಕ್ಕಿದರು. ದನಿ ಕೊಟ್ಟರೆ ಮುಗಿಯಿತು ಎಂದು ಮಾಸ್ತರೇ ಹೇಳಿದ್ದರಲ್ಲ, ಪರದೆ ಕಪ್ಪಾದ ಮೇಲೆ ನಾನು ಎದ್ದು ನನ್ನ ಚಾಪೆ ಸುತ್ತಿದೆ. ಬಲಗಡೆ ನೀಲಾ ತನ್ನ ಚಾಪೆ ಸುತ್ತಿದಳು. ನಡುವೆ ಟಿ.ವಿ. ಮಾತ್ರ ಇತ್ತು.

“ಚಂಪಿ,” ಎಂದಳು ನೀಲಾ. “ನಿನ್ನ ಎಡಗೈಯಾಗಿನ ಬಳಿ ಒಂದು ಒಡದೈತಿ. ಸಂಜಿಗೆ ಬಾ, ಬ್ಯಾರೆ ಇಡ್ತೀನಿ.”

ಮೂವತ್ತೆಂಟು ವರ್ಷದ ನಂತರದ ಮೊದಲ ಮಾತು ಅದು. ನಾನು ಅಲ್ಲಿಯೇ ಕುಸಿದು ಕುಳಿತು ಅತ್ತೆ. ಅತ್ತು ಮುಗಿದ ಮೇಲೆ ಕೇಳಿದೆ. “ಅವತ್ತು ಮೆಟ್ಟಿಲ ಮ್ಯಾಲ ಏನೋ ಹೇಳಬೇಕು ಅಂದಿದ್ದೆಲಾ. ಏನದು?”

ನೀಲಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. “ಯಾವ ಮೆಟ್ಟಿಲ?”

“ಈ ಮೆಟ್ಟಿಲ! ಮೂರನೇದು!”

“ಹೂಂ, ನಿಂತಿದ್ದು ನೆನಪೈತಿ. ಮಾತು ನೆನಪಿಲ್ಲವ್ವಾ.”

ಅವಳನ್ನು ಅಲ್ಲೇ ಕೊಲ್ಲಬೇಕೆನಿಸಿತು. ನಾನು ಮೂವತ್ತೆಂಟು ವರ್ಷ ಕಾಪಿಟ್ಟ ಮಾತನ್ನು ಇವಳು ಎಲ್ಲೋ ಬೀಳಿಸಿಕೊಂಡು ಬಂದಿದ್ದಳು. ಆದರೆ ಮುಂದೆ ಇದ್ದದ್ದು ನಾಲ್ಕೇ ದಿನ, ಸಿಟ್ಟು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಗಿರಣಿಗೆ ಬೀಗ ಹಾಕಿದೆ. ಅವಳ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಮಾತಾಡಿದೆವು. ಅವಳ ಎರಡು ಹೆರಿಗೆಯ ಕಥೆ ಕೇಳಿದೆ. ನನ್ನ ಅತ್ತೆಯನ್ನು ನಾನು ಬೈಯಬೇಕೆಂದುಕೊಂಡಿದ್ದನ್ನೆಲ್ಲ ಬೈದೆ, ನೀಲಾ ನಡುನಡುವೆ ಒಂದೆರಡು ಬೈಗುಳ ಸೇರಿಸಿದಳು. ನನ್ನ ಹಿಟ್ಟು ಯಾವಾಗಲೂ ತುಸು ದಪ್ಪ ಬೀಳುತ್ತದೆ ಎಂದು ಮೂವತ್ತು ವರ್ಷದಿಂದ ಹೇಳಬೇಕೆಂದಿದ್ದಳಂತೆ, ಹೇಳಿದಳು. ಬುಧವಾರ ಸಂಜೆಗೆ ಅವಳ ದನಿ ಪಿಸುಮಾತಾಗಿತ್ತು. “ಸಾಕು ಬಿಡು, ಖಾಲಿ ಮಾಡಿದೆ,” ಎಂದು ನಕ್ಕಳು. ನಾನು ನಗಲಿಲ್ಲ.

ಒಂದೂವರೆ ತಿಂಗಳಿಗೆ ಅವಳು ಪಟ್ಟಣದಿಂದ ಮರಳಿದಳು, ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು. ಕೊರಳಿಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಒಂದು ಯಂತ್ರವನ್ನು ಅಲ್ಲಿಯ ಡಾಕ್ಟರು ಕೊಟ್ಟಿದ್ದರು. ಬಸ್ಸಿನಲ್ಲಿ ಅದರಿಂದ ಗಂಡನ ಜೊತೆ ಮಾತಾಡುತ್ತಲೇ ಬಂದಳಂತೆ. ಹುಣಸೆಮರ ದಾಟಿದ್ದೇ ಅದು ಬರೀ ಗುಂಯ್ ಎಂದಿತು. ಈ ಊರು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಅವಳು ಅಂಗಡಿ ತೆರೆದಳು. ಪಾಟಿ ಬಳಪ ಇಟ್ಟುಕೊಂಡಳು. ಬರೆಯಬೇಕೆಂದರೆ ಗಿರಾಕಿಯ ಕೈ ಬಿಡಬೇಕು, ಕೈ ಬಿಟ್ಟರೆ ಬಳೆ ಏರುವುದಿಲ್ಲ. ಹೆಂಗಸರು ತಾಳ್ಮೆಗೆಟ್ಟು ಎದ್ದು ಹೋಗುವುದನ್ನು ನಾನು ಗಿರಣಿಯಿಂದ ನೋಡುತ್ತಿದ್ದೆ. ಮೂರನೆಯ ದಿನ ಒಬ್ಬ ಹೆಂಗಸಿನ ಕೈ ಹಿಡಿದು ಅವಳು ತುಟಿ ಅಲುಗಿಸಿದ್ದು ಕಂಡಿತು. ನನ್ನ ಕಾಲು ತಾನಾಗಿ ರಸ್ತೆ ದಾಟಿತು. ಮಾಸ್ತರು ಕಲಿಸಿದ ಹಾಗೆ ಅವಳ ಎಡಕ್ಕೆ, ಒಂದು ಹೆಜ್ಜೆ ಹಿಂದೆ, ಓರೆಯಾಗಿ ನಿಂತೆ.

“ಈ ಬಣ್ಣ ನಿನಗ ಒಪ್ಪೂದಿಲ್ಲವ್ವಾ, ಕಡು ಕೆಂಪು ತಗೋ,” ಎಂದೆ.

ಹೆಂಗಸು ನನ್ನ ಕಡೆ ನೋಡಲಿಲ್ಲ, ನೀಲಾಳನ್ನೇ ನೋಡಿ, “ಹೌದೇನಕ್ಕಾ?” ಎಂದಳು. ನಮ್ಮೂರಿನ ಜನಕ್ಕೆ ಇದೇನೂ ಹೊಸದಲ್ಲವಲ್ಲ. ತುಟಿ ಒಬ್ಬರದು, ದನಿ ಇನ್ನೊಬ್ಬರದು, ಮಾತು ತುಟಿಯದು. ಅಂದಿನಿಂದ ಬೆಳಿಗ್ಗೆ ಗಿರಣಿ, ಮಧ್ಯಾಹ್ನದ ಮೇಲೆ ನೀಲಾಳ ಅಂಗಡಿ. ನಡುವೆ ಒಮ್ಮೊಮ್ಮೆ ನನ್ನದೇ ಮಾತನ್ನು ತೂರಿಸುತ್ತೇನೆ, ಚಂಪವ್ವನ ಹಿಟ್ಟು ಬಲು ನಯ ಎಂದು. ನೀಲಾ ಹಿಂದಕ್ಕೆ ಕೈ ಹಾಕಿ ಚಿವುಟುತ್ತಾಳೆ.

ಇಷ್ಟಾದ ಮೇಲೆ ಊರಿನವರು ಪರ್ವತಯ್ಯನವರ ಬೆನ್ನು ಹತ್ತಿದರು. ಧಾರಾವಾಹಿಯನ್ನು ಮೊದಲಿನಿಂದ ಮತ್ತೆ ತೋರಿಸಬೇಕು, ಈ ಸಲ ಇಪ್ಪತ್ತೇಳೂ ಕಂತು. ಹೊಸಬರಿಗೆ ಪಾರ್ಟು ಹಂಚಲು ನಾವಿಬ್ಬರೂ ಬರಬೇಕೆಂದು ಹೇಳಿ ಕಳಿಸಿದರು. ಕಳೆದ ಮಂಗಳವಾರ ಸಂಜೆ ಹೋದೆವು. ಈಗ ಇಬ್ಬರಿಗೂ ಮೆಟ್ಟಿಲು ಹತ್ತಲು ಕೈ ಹಿಡಿಯುವುದು ಬೇಕು. ಮೂರನೆಯ ಮೆಟ್ಟಿಲ ಮೇಲೆ ನೀಲಾ ನಿಂತುಬಿಟ್ಟಳು. ಉಸಿರಿಗೆಂದು ನಿಂತಳು ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿದಳು, ಮರೆತದ್ದೇನೋ ನೆನಪಾದ ಹಾಗೆ ಕಣ್ಣುಗಳು ಅಗಲವಾಗಿದ್ದವು, ತುಟಿ ಅಲುಗಿತು. ತುಟಿ ಅಲುಗಿದರೆ ದನಿ ಕೊಡುವುದು ನನಗೆ ಈಗ ಉಸಿರಾಟದ ಹಾಗೆ. ಅರ್ಥವಾಗುವ ಮೊದಲೇ ನನ್ನ ಬಾಯಿಂದ ಮಾತು ಹೊರಟಿತ್ತು.

“ಚಂಪಿ, ಮಾಸ್ತರು ನನಗ ಹಗಿ ಪಾರ್ಟು ಕೊಡ್ತಾರಂತ. ಅಪ್ಪನ ಮುಂದ ಹೇಳೂದು ಕೇಳಿದೆ. ಹಂಗಾದ್ರ ನಿನ್ನ ಜೋಡಿ ಮಾತು ಬಿಡಬೇಕಾಗತೈತಿ. ನನಗ ಆಗೂದಿಲ್ಲ. ಇಬ್ರೂ ಕೂಡಿ ಒಲ್ಲೆ ಅನ್ನೂಣೇನ?”

ದನಿ ನನ್ನದೇ, ಹನ್ನೊಂದು ವರ್ಷದ ಹುಡುಗಿಯ ಹಾಗೆ ಬಂದಿತ್ತು. ಅವಳು ಉತ್ತರಕ್ಕಾಗಿ ನನ್ನ ಮುಖ ನೋಡುತ್ತಾ ನಿಂತಿದ್ದಳು. ಒಳಗಿನಿಂದ ಪರ್ವತಯ್ಯನವರು ನಮ್ಮ ಹೆಸರು ಹಿಡಿದು ಕೂಗಿದರು. ಈ ಸಲ ನಾನು ಅವಳ ಕೈ ಎಳೆಯಲಿಲ್ಲ.

“ಹೂಂ ನೀಲಾ, ಒಲ್ಲೆ ಅನ್ನೂಣು,” ಎಂದೆ.

ಅವಳು ತಲೆಯಾಡಿಸಿದಳು. ಅಲ್ಲೇ ಸ್ವಲ್ಪ ಹೊತ್ತು ನಿಂತು, ಆಮೇಲೆ ನಾಲ್ಕನೆಯ ಮೆಟ್ಟಿಲು ಹತ್ತಿದೆವು.